ಅವ್ವನ ಮೊಣಕಾಲು, ಮೌಂಟ್ ಮೇರಿ, ಮೇಣದ ಕಾಲು: ಹೋಗಿ ಬಂದವರು ಸ್ವಲ್ಪ ಹೇಳಿ

ಡೊಂಬಿವಲಿಯ ಗದಗಿನವಳು:

ಎಲ್ಲರಿಗೂ ನಮಸ್ಕಾರ. ಗದಗಿನಿಂದ ನಮ್ಮ ಅವ್ವ ಬಂದಿದ್ದಾಳೆ. ವಯಸ್ಸು 68. ಎರಡೂ ಮೊಣಕಾಲು ಸವೆದಿವೆ, ಬಲಗಾಲಿನದು ಜಾಸ್ತಿ. ಡಾಕ್ಟರು ನವೆಂಬರಿನಲ್ಲಿ ಆಪರೇಷನ್‌ಗೆ ದಿನ ಕೊಟ್ಟಿದ್ದಾರೆ. ಅಷ್ಟರಲ್ಲಿ ಪಕ್ಕದ ಮನೆಯ ಮಾವಶಿ ಒಂದು ಕತೆ ಹೇಳಿದರು. ಮಗಳಿಗೆ ಮಕ್ಕಳಾಗದೆ ಇದ್ದಾಗ ಬಾಂದ್ರಾದ ಮೋತ್ ಮಾವುಲಿಗೆ, ಅಂದರೆ ಮೌಂಟ್ ಮೇರಿ ಮಾತೆಗೆ, ಮೇಣದ ಕೂಸು ಕೊಟ್ಟರಂತೆ, ವರ್ಷದೊಳಗೆ ಮೊಮ್ಮಗ. ಈಗ ಅವ್ವ ಹಟ ಹಿಡಿದಿದ್ದಾಳೆ, ‘ನನಗೂ ಒಂದು ಕಾಲು ಕೊಡಿಸು’ ಅಂತ.

ನನಗೆ ಮೂರು ಅನುಮಾನ. ಬೆಟ್ಟ ಅಂತಾರೆ, ಮೆಟ್ಟಿಲು ಹತ್ತಲೇಬೇಕಾ? ನಾವು ಲಿಂಗಾಯತರು, ಇಗರ್ಜಿಯೊಳಗೆ ಹೋದರೆ ಯಾರಾದರೂ ಏನಾದರೂ ಅಂತಾರಾ? ಮತ್ತೆ, ಅಲ್ಲಿ ಒಂದು ಗವಿ ಇದೆ, ಅದರ ನೀರು ಹಚ್ಚಿದರೆ ನೋವು ಹೋಗುತ್ತೆ ಅಂತ ಮಾವಶಿ ಹೇಳಿದರು. ಅದು ನಿಜವಾಗಲೂ ಅಲ್ಲೇ ಇದೆಯಾ?

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನನಗೆ ಇದರಲ್ಲಿ ಅಷ್ಟೇನೂ ನಂಬಿಕೆ ಇಲ್ಲ. ಆದರೆ ಅವ್ವನ ಜೊತೆ ವಾದ ಮಾಡಿ ಗೆದ್ದವರೂ ಯಾರೂ ಇಲ್ಲ.

ಮಲಾಡಿನ ಬಾಯಮ್ಮ:

ಮಗಾ, ಮೊದಲು ಗವಿ ವಿಷಯ. ಮಾವಶಿ ಎರಡು ಕ್ಷೇತ್ರಗಳನ್ನು ಕಲಸಿಬಿಟ್ಟಿದ್ದಾರೆ. ಮೌಂಟ್ ಮೇರಿಯ ಮಹಿಮೆ ಮೂರ್ತಿಯದ್ದು, ನೀರಿನದ್ದಲ್ಲ. ಗವಿ ಮತ್ತು ನೀರು ಇರುವುದು ಫ್ರಾನ್ಸಿನ ಲೂರ್ದ್‌ನಲ್ಲಿ. ಮುಂಬೈಯ ಎಷ್ಟೋ ಇಗರ್ಜಿಗಳ ಅಂಗಳದಲ್ಲಿ ಕಲ್ಲು ಜೋಡಿಸಿ ಅದರ ಮಾದರಿ ಮಾಡಿರುತ್ತಾರೆ. ಬಿಳಿ ಬಟ್ಟೆ, ನೀಲಿ ನಡುಪಟ್ಟಿ ಕಟ್ಟಿದ ಮಾತೆ ಮೇಲೆ, ಕೆಳಗೆ ಮೊಣಕಾಲೂರಿದ ಒಬ್ಬ ಹುಡುಗಿ. ನಾವು ಅದಕ್ಕೆ ಗ್ರೊಟ್ಟೊ ಅಂತೀವಿ. ಇಲ್ಲಿ ಮಲಾಡಿನ ಓರ್ಲೆಂ ಇಗರ್ಜಿ ಕೂಡ ಲೂರ್ದ್ ಮಾತೆಯ ಹೆಸರಿನದ್ದೇ.

ಒಳಗೆ ಹೋಗಲು ಯಾರೂ ಏನೂ ಅನ್ನುವುದಿಲ್ಲ. ಬರುವವರಲ್ಲಿ ಅರ್ಧಕ್ಕರ್ಧ ಜನ ನಿಮ್ಮಂಥವರೇ. ಚಪ್ಪಲಿ ಬಿಡಬೇಕೆಂದಿಲ್ಲ. ಪೂಜೆ ನಡೆಯುತ್ತಿದ್ದರೆ ಹಿಂದೆ ಕೂತುಕೊಳ್ಳಿ. ಪ್ರಸಾದದ ರೊಟ್ಟಿ ತಗೊಳ್ಳಲು ಮಾತ್ರ ಸಾಲಿನಲ್ಲಿ ನಿಲ್ಲಬೇಡಿ, ಅದು ದೀಕ್ಷಾಸ್ನಾನ ಆದವರಿಗೆ. ಉಳಿದದ್ದೆಲ್ಲ ನಿಮ್ಮದೂ ಹೌದು.

ವಾಶಿ ಫಿಜಿಯೋ:

ಮೆಟ್ಟಿಲು ಬೇಡವೇ ಬೇಡ. ಬಾಂದ್ರಾ ಪಶ್ಚಿಮದಲ್ಲಿ ಇಳಿದು ಆಟೋ ಹಿಡಿಯಿರಿ, ಬೆಸಿಲಿಕಾದ (ಪೋಪರು ವಿಶೇಷ ಪದವಿ ಕೊಟ್ಟ ಇಗರ್ಜಿ) ಬಾಗಿಲ ತನಕ ಹೋಗುತ್ತೆ. ಬೆಸ್ಟ್ ಸಿಟಿ ಬಸ್ಸೂ ಇದೆ, ಆದರೆ ಬಸ್ಸಿನ ಮೊದಲ ಮೆಟ್ಟಿಲೇ ಎತ್ತರ.

ಎಲ್ಲಾದರೂ ನಾಲ್ಕು ಮೆಟ್ಟಿಲು ಹತ್ತಬೇಕಾಗಿ ಬಂದರೆ ಅವ್ವನಿಗೆ ಹೀಗೆ ಹೇಳಿಕೊಡಿ. ಹತ್ತುವಾಗ ಒಳ್ಳೆಯ ಕಾಲು ಮುಂದೆ. ಇಳಿಯುವಾಗ ನೋವಿನ ಕಾಲು ಮುಂದೆ. ಸವೆದ ಮೊಣಕಾಲಿಗೆ ಹತ್ತುವುದಕ್ಕಿಂತ ಇಳಿಯುವುದು ಜಾಸ್ತಿ ಪೆಟ್ಟು, ಇಳಿಯುವಾಗ ಮೈಭಾರವನ್ನು ಮೊಣಕಾಲೇ ತಡೆದು ಹಿಡಿಯಬೇಕಲ್ಲ. ಜನ ಇದನ್ನು ಉಲ್ಟಾ ತಿಳಿದಿರುತ್ತಾರೆ. ‘ಹತ್ತಿದ್ದಾಯ್ತು, ಇನ್ನೇನು’ ಅಂತ ದಡದಡ ಇಳಿಯುತ್ತಾರೆ, ಮಾರನೇ ದಿನ ನನ್ನ ಹತ್ತಿರ ಬರುತ್ತಾರೆ.

ಕಾರ್ಕಳದ ಹುಡುಗ, ಅಂಧೇರಿ:

ಜಾತ್ರೆ ವಾರದಲ್ಲಿ ಹೋಗಬೇಡಿ ಅಕ್ಕ. ಸೆಪ್ಟೆಂಬರ್ 8 ಮಾತೆಯ ಹುಟ್ಟುಹಬ್ಬ. ಅದಾದ ಭಾನುವಾರದಿಂದ ಎಂಟು ದಿನ ಬಾಂದ್ರಾ ಫೇರ್. ಕಾಲಿಡಲು ಜಾಗ ಇರಲ್ಲ. ಒಂದು ವರ್ಷ ಆ ಗದ್ದಲದಲ್ಲಿ ನನ್ನ ಮೊಬೈಲ್ ಹೋಯಿತು. ಹೋದದ್ದು ಹೋಯಿತು, ಅದರಲ್ಲಿ ಅಮ್ಮನ ಹಳೆಯ ಫೋಟೋಗಳಿದ್ದವು.

ಆದರೆ ಜಾತ್ರೆಗೆ ಅದರದೇ ಮಜಾ ಇದೆ, ಸುಳ್ಳು ಹೇಳಬಾರದು. ಬೆಂಡು ಬತ್ತಾಸು, ಹುರಿದ ಕಡಲೆ, ಜಾಯಿಂಟ್ ವ್ಹೀಲ್. ಥೇಟ್ ನಮ್ಮ ಅತ್ತೂರು ಸಾಂತ್‌ಮಾರಿ.

ಅತ್ತೂರು ಗೊತ್ತಿಲ್ಲದವರಿಗೆ: ಕಾರ್ಕಳದ ಹತ್ತಿರ ಸಂತ ಲಾರೆನ್ಸರ ಇಗರ್ಜಿ, ಜನವರಿಯಲ್ಲಿ ಜಾತ್ರೆ. 2016ರಲ್ಲಿ ಬೆಸಿಲಿಕಾ ಆಯಿತು. ಅಲ್ಲಿ ನೀರಿನ ಮಹಿಮೆಯೂ ಇದೆ. ಮೂರ್ತಿ ಹೊತ್ತು ತಂದವರು ಗುಡ್ಡದ ಬುಡದ ಒರತೆ ಹತ್ತಿರ ದಣಿವಾರಿಸಲು ಇಳಿಸಿದರಂತೆ, ಮತ್ತೆ ಎತ್ತಲು ಹೋದರೆ ಜಪ್ಪಯ್ಯ ಅಂದರೂ ಏಳಲಿಲ್ಲವಂತೆ. ಅಲ್ಲೇ ಇಗರ್ಜಿ. ಆ ಜಾಗದ ಕೊಳಕ್ಕೆ ಈಗಲೂ ಪುಷ್ಕರಿಣಿ ಅಂತಲೇ ಕರೆಯೋದು. ನಮ್ಮಜ್ಜಿ ಕೋಟಿ ಚೆನ್ನಯರ ಗರಡಿಗೂ ಹೋಗುತ್ತಿದ್ದಳು, ಅತ್ತೂರಿಗೂ ಮೊಂಬತ್ತಿ ಕೊಡುತ್ತಿದ್ದಳು. ಎರಡರ ಹರಕೆ ಲೆಕ್ಕ ಅವಳ ತಲೆಯಲ್ಲಿ ಬೇರೆ ಬೇರೆ ಇರುತ್ತಿತ್ತು, ಒಂದು ದಿನವೂ ತಪ್ಪಿದ್ದಿಲ್ಲ.

ಮಾತುಂಗಾ ಮಾಮ:

ಕತೆಗಳು ಸಾಕು, ಸ್ವಲ್ಪ ಇತಿಹಾಸ ಹೇಳುತ್ತೇನೆ. ಮೌಂಟ್ ಮೇರಿಯ ಮೂರ್ತಿ ತಂದದ್ದು ಪೋರ್ಚುಗಲ್‌ನಿಂದ, ಜೆಸ್ವಿಟ್ ಪಾದ್ರಿಗಳು, 16ನೇ ಶತಮಾನದಲ್ಲಿ. 1700ರಲ್ಲಿ ಅರಬ್ ಕಡಲ್ಗಳ್ಳರು ಬಂದು ಮೂರ್ತಿಯ ಬಲಗೈ ಕಡಿದರು, ಕೈಯಲ್ಲಿದ್ದದ್ದು ಚಿನ್ನ ಅಂತ ತಿಳಿದು. ಸಮುದ್ರದಲ್ಲಿ ಮೂರ್ತಿ ಸಿಗುತ್ತದೆ ಅಂತ ಕೋಳಿ ಅನ್ನುವ ಮುಂಬೈಯ ಮೀನುಗಾರ ಸಮುದಾಯದ ಒಬ್ಬನಿಗೆ ಕನಸು ಬಿತ್ತು ಅನ್ನುವ ಕತೆಯೂ ಉಂಟು. ಕೋಳಿಗಳು ಅವಳನ್ನು ತಮ್ಮ ತಾಯಿ ಅನ್ನುವುದು ಸುಮ್ನೆ ಅಲ್ಲ.

ಈಗಿನ ಕಟ್ಟಡ 1904ರದ್ದು. ಕಟ್ಟಿಸಿದ ವಾಸ್ತುಶಿಲ್ಪಿ ಶಾಪುರ್ಜಿ ಚಂದಾಭಾಯ್. 1954ರಲ್ಲಿ ಬೆಸಿಲಿಕಾ ಪದವಿ. ಮಾಹಿಮ್ ಮತ್ತು ಬಾಂದ್ರಾ ನಡುವಿನ ಕಾಜ್‌ವೇ (ನೀರಿನ ಮೇಲೆ ಕಟ್ಟಿದ ರಸ್ತೆ) 1845ರಲ್ಲಿ ಆಯಿತು, ದುಡ್ಡು ಕೊಟ್ಟವರು ಪಾರ್ಸಿ ವ್ಯಾಪಾರಿ ಜಮ್ಶೆಟ್‌ಜಿ ಜೀಜಿಭಾಯ್ ಅವರ ಹೆಂಡತಿ ಅವಾಬಾಯಿ. ಅದಕ್ಕೂ ಮೊದಲು ಈ ಜಾತ್ರೆಗೆ ದೋಣಿಯಲ್ಲೇ ದಾಟಿ ಬರಬೇಕಿತ್ತು.

ಇನ್ನು ನನ್ನ ಪ್ರಶ್ನೆ. ಮೇಣದ ಕಾಲು ಕೊಟ್ಟರೆ ಸವೆದ ಎಲುಬು ಬೆಳೆಯುತ್ತದೆಯೇ? ನಾನು ಮಾತುಂಗಾದ ಪೂಜಾರಿಗಳಿಗೂ ಇದನ್ನೇ ಕೇಳುತ್ತೇನೆ, ಬರೀ ಕ್ರೈಸ್ತರಿಗೆ ಅಂತಲ್ಲ.

ಡೊಂಬಿವಲಿಯ ಗದಗಿನವಳು:

ಮಾಮಾ, ಅದೇ ಪ್ರಶ್ನೆ ನಾನೂ ಅವ್ವನಿಗೆ ಕೇಳಿದೆ. ‘ಬನಶಂಕರಿಗೆ ನಿನ್ನ ಕಣ್ಣು ಬೇನೆಗೆ ಬೆಳ್ಳಿ ಕಣ್ಣು ಕೊಟ್ಟಿದ್ದೆ, ಆಗ ನೀ ಎಂಟು ವರ್ಷದಾಕಿ, ಅವಾಗ ಕೇಳಲಿಲ್ಲಲ್ಲ’ ಅಂದಳು. ಬಾಯಿ ಮುಚ್ಚಿಕೊಂಡೆ.

ವಾಶಿ ಫಿಜಿಯೋ:

ಸವೆದ ಮೃದ್ವಸ್ಥಿ ಮತ್ತೆ ಬೆಳೆಯಲ್ಲ ಮಾಮಾ. ಅದು ಖಂಡಿತ. ಆದರೆ ನೋವು ಬೇರೆ, ಸವೆತ ಬೇರೆ. ಎಕ್ಸ್‌ರೇಯಲ್ಲಿ ತೀರಾ ಸವೆದಿದ್ದರೂ ಅಂಥಾ ನೋವಿಲ್ಲದೆ ಓಡಾಡುವವರನ್ನು ನೋಡಿದ್ದೇನೆ, ಸ್ವಲ್ಪ ಸವೆದದ್ದಕ್ಕೇ ಹಾಸಿಗೆ ಹಿಡಿದವರನ್ನೂ ನೋಡಿದ್ದೇನೆ. ನಿದ್ದೆ, ಹೆದರಿಕೆ, ಒಂಟಿತನ ಎಲ್ಲ ನೋವಿನೊಳಗೆ ಸೇರಿಕೊಳ್ಳುತ್ತವೆ. ಯಾತ್ರೆಯಿಂದ ಆ ಭಾಗ ಕಡಿಮೆಯಾದರೆ ನನಗೇನೂ ಆಶ್ಚರ್ಯ ಇಲ್ಲ.

ನನ್ನ ತಕರಾರು ಒಂದೇ. ನಮ್ಮ ಸಂಬಂಧಿಕರೊಬ್ಬರು ಎಲ್ಲಿಂದಲೋ ತಂದ ತೀರ್ಥ ಕುಡಿಯಲು ಶುರು ಮಾಡಿ ಬಿಪಿ ಮಾತ್ರೆ ಬಿಟ್ಟರು. ಮೂರನೇ ತಿಂಗಳು ಆಸ್ಪತ್ರೆ. ಬಾಯಿ ಇವತ್ತಿಗೂ ಸ್ವಲ್ಪ ವಾರೆ. ಹರಕೆ ಹೊರಿ, ಮಾತ್ರೆ ನುಂಗಿ. ಒಂದು ಬಿಟ್ಟು ಒಂದಲ್ಲ.

ಮಲಾಡಿನ ಬಾಯಮ್ಮ:

ಮಾಮನ ಪ್ರಶ್ನೆಗೆ ಉತ್ತರ ಹೇಳುವಷ್ಟು ಓದಿದವಳಲ್ಲ ನಾನು. ಆದರೆ ಲೂರ್ದ್‌ಗೆ ಒಮ್ಮೆ ಹೋಗಿ ಬಂದಿದ್ದೇನೆ, ನಮ್ಮ ಇಗರ್ಜಿಯವರ ಜೊತೆ. ಕಂಡದ್ದು ಹೇಳುತ್ತೇನೆ, ಉದ್ದವಾಗುತ್ತದೆ, ಸಹಿಸಿಕೊಳ್ಳಿ.

1858ರ ಫೆಬ್ರವರಿ 11. ಬರ್ನದೆತ್ ಸುಬಿರೂ ಅನ್ನುವ 14 ವರ್ಷದ ಬಡ ಹುಡುಗಿ, ತಂಗಿ ಮತ್ತು ಗೆಳತಿಯ ಜೊತೆ ಸೌದೆ ಆರಿಸಲು ಹೋದವಳು. ಮಸ್ಸಾಬಿಯೆಲ್ ಅನ್ನುವ ಬಂಡೆಯ ಪೊಟರೆಯಲ್ಲಿ ಅವಳಿಗೆ ಒಬ್ಬ ಹೆಣ್ಣುಮಗಳು ಕಂಡಳು. ಜುಲೈ 16ರ ತನಕ ಒಟ್ಟು 18 ಸಲ. ಫೆಬ್ರವರಿ 25ರಂದು ಆಕೆ ತೋರಿಸಿದ ಕಡೆ ಹುಡುಗಿ ಕೈಯಲ್ಲೇ ಮಣ್ಣು ಕೆರೆದಳು. ಮೊದಲು ಕೆಸರು ಬಂತು. ಅದನ್ನೇ ಕುಡಿದಳು, ಮುಖಕ್ಕೂ ಬಳಿದುಕೊಂಡಳು. ನೋಡುತ್ತಿದ್ದ ಜನ ಹುಚ್ಚು ಹಿಡಿದಿದೆ ಅಂದರು. ಆಮೇಲೆ ನೀರು ತಿಳಿಯಾಯಿತು, ಇವತ್ತಿಗೂ ಹರಿಯುತ್ತಿದೆ. ಆ ನೀರನ್ನು ಆಗಲೇ ಪರೀಕ್ಷೆ ಮಾಡಿಸಿದರು. ವಿಶೇಷ ಲವಣ ಏನೂ ಇಲ್ಲ, ಸಾದಾ ಒರತೆ ನೀರು. ನಾಲ್ಕು ವರ್ಷ ವಿಚಾರಣೆ ಮಾಡಿ 1862ರಲ್ಲಿ ಅಲ್ಲಿನ ಬಿಷಪರು ದರ್ಶನ ನಿಜ ಅಂತ ಒಪ್ಪಿದರು.

ಗವಿ ನೋಡಿದರೆ ಇಷ್ಟೇನಾ ಅನ್ನಿಸುತ್ತದೆ. ಬಂಡೆಯ ಕೆಳಗಿನ ಒಂದು ಪೊಟರೆ, ಪಕ್ಕದಲ್ಲೇ ನದಿ. ಸಾಲಿನಲ್ಲಿ ಬಂಡೆಯನ್ನು ಕೈಯಲ್ಲಿ ಸವರುತ್ತಾ ಸುತ್ತಿ ಬರಬೇಕು. ಕೈ ಎಟಕುವ ಎತ್ತರದಲ್ಲಿ ಕಲ್ಲು ನುಣ್ಣಗೆ ಸವೆದಿದೆ, ನಮ್ಮ ಮನೆಯ ಹಳೆಯ ಅರೆಯುವ ಕಲ್ಲಿನ ಹಾಗೆ. ಒಳಗಡೆ ಗಾಜಿನ ಕೆಳಗೆ ಒರತೆ ಕಾಣುತ್ತದೆ. ನೀರು ಹಿಡಿಯಲು ಹೊರಗೆ ಸಾಲಾಗಿ ನಲ್ಲಿಗಳಿವೆ, ಪುಕ್ಕಟೆ. ಅಂಗಡಿಗಳಲ್ಲಿ ಮಾತೆಯ ಆಕಾರದ ಪ್ಲಾಸ್ಟಿಕ್ ಬಾಟಲಿ ಮಾರುತ್ತಾರೆ, ನೀಲಿ ಕಿರೀಟವೇ ಮುಚ್ಚಳ. ನಾನೂ ಹನ್ನೆರಡು ತಂದೆ, ವಿಮಾನದಲ್ಲಿ ಒಂದು ಸೋರಿ ನನ್ನ ಸೀರೆಗಳೆಲ್ಲ ಪವಿತ್ರವಾದವು.

ಸ್ನಾನಕ್ಕೂ ಇಳಿದೆ. ತೆರೆ ಎಳೆದ ಸಣ್ಣ ಕೋಣೆ, ಕಲ್ಲಿನ ತೊಟ್ಟಿ. ಒದ್ದೆ ಬಿಳಿ ಬಟ್ಟೆ ಸುತ್ತಿದರು, ಇಬ್ಬರು ಹೆಂಗಸರು ಎರಡು ಕೈ ಹಿಡಿದು ಇಳಿಸಿದರು. ಅಯ್ಯೋ ಆ ಚಳಿ! ಪ್ರಾರ್ಥನೆ ಪೂರಾ ಮರೆತುಹೋಗಿ ‘ಅಬ್ಬಾ’ ಅಂದದ್ದಷ್ಟೇ ನೆನಪು.

ನನಗೆ ತಟ್ಟಿದ್ದು ನೀರಲ್ಲ. ಅಲ್ಲಿ ರೋಗಿಗಳೇ ಮೊದಲು. ನಮ್ಮಲ್ಲಿ ವ್ಹೀಲ್‌ಚೇರ್ ಅಂದರೆ ‘ಸ್ವಲ್ಪ ಸೈಡ್‌ಗೆ ತಗೊಳ್ಳಿ’ ಅಂತಾರಲ್ಲ, ಅಲ್ಲಿ ಅವರನ್ನು ಮುಂದೆ ಬಿಟ್ಟು ಗಟ್ಟಿಮುಟ್ಟಾದವರು ಕಾಯುತ್ತಾರೆ. ರಾತ್ರಿ ಒಂಬತ್ತಕ್ಕೆ ಎಲ್ಲರೂ ಮೇಣದಬತ್ತಿ ಹಿಡಿದು ಜಪಸರ ಹೇಳುತ್ತಾ ಮೆರವಣಿಗೆ ಹೋಗುತ್ತಾರೆ, ಗಾಳಿಗೆ ಆರದ ಹಾಗೆ ಸುತ್ತ ಕಾಗದದ ಮರೆ. ನನ್ನ ಮುಂದೆ ಒಬ್ಬ ಮುದುಕನ ಗಾಡಿ ಇತ್ತು. ಅವನ ಕೈ ನಡುಗಿ ಬತ್ತಿ ಪದೇ ಪದೇ ಆರುತ್ತಿತ್ತು. ಪಕ್ಕದ ಹುಡುಗ ಪ್ರತಿ ಸಲ ತನ್ನದರಿಂದ ಹಚ್ಚಿಕೊಡುತ್ತಿದ್ದ. ಇಬ್ಬರೂ ಒಂದು ಮಾತೂ ಆಡಲಿಲ್ಲ.

ಮಾತುಂಗಾ ಮಾಮ:

ಚೆನ್ನಾಗಿ ಬರೆದಿರಿ ಬಾಯಮ್ಮ. ಆದರೆ ವಾಸಿಯಾದವರು ಎಷ್ಟು ಜನ?

ಮಲಾಡಿನ ಬಾಯಮ್ಮ:

ಅದಕ್ಕೇ ಅಲ್ಲಿ ಡಾಕ್ಟರುಗಳ ಒಂದು ಕಚೇರಿ ಇದೆ, 1883ರಿಂದ. ಯಾರಾದರೂ ‘ನನಗೆ ವಾಸಿಯಾಯಿತು’ ಅಂದರೆ ಹಳೆಯ ರಿಪೋರ್ಟು, ಹೊಸ ರಿಪೋರ್ಟು ಎಲ್ಲ ತರಿಸಿ ವರ್ಷಗಟ್ಟಲೆ ನೋಡುತ್ತಾರೆ. ಕಾಯಿಲೆ ಗಂಭೀರವಾದದ್ದಾಗಿರಬೇಕು, ತಟ್ಟನೆ ವಾಸಿಯಾಗಿರಬೇಕು, ಪೂರ್ತಿ ಆಗಿರಬೇಕು, ಮರುಕಳಿಸಿರಬಾರದು, ಔಷಧಿಯಿಂದ ಆದದ್ದಾಗಿರಬಾರದು. ಏಳು ಸಾವಿರಕ್ಕೂ ಹೆಚ್ಚು ಜನ ಹಾಗೆ ಹೇಳಿಕೊಂಡಿದ್ದಾರೆ. 2018ರ ಹೊತ್ತಿಗೆ ಚರ್ಚ್ ಪವಾಡ ಅಂತ ಒಪ್ಪಿದ್ದು 70.

ಮಾತುಂಗಾ ಮಾಮ:

160 ವರ್ಷದಲ್ಲಿ 70. ಲಾಟರಿಗಿಂತ ಕಷ್ಟ.

ಮಲಾಡಿನ ಬಾಯಮ್ಮ:

ಹೌದು. ನಾನು ಅಲ್ಲ ಅನ್ನಲಿಲ್ಲವಲ್ಲ.

ಇನ್ನೊಂದು ಹೇಳುತ್ತೇನೆ, ಇದು ಗದಗಿನ ಅವ್ವನಿಗೆ. ಆ ನೀರು ಕೆರೆದು ತೆಗೆದ ಬರ್ನದೆತ್ ಇದ್ದಳಲ್ಲ, ಅವಳಿಗೆ ಚಿಕ್ಕಂದಿನಿಂದ ಉಬ್ಬಸ. ಮುಂದೆ ನೆವೆರ್ ಅನ್ನುವ ಊರಿನ ಮಠ ಸೇರಿದಳು. ಅಲ್ಲಿ ಎಲುಬಿನ ಕ್ಷಯ ಹತ್ತಿತು. ಹತ್ತಿದ್ದೆಲ್ಲಿಗೆ ಗೊತ್ತಾ? ಬಲ ಮೊಣಕಾಲಿಗೆ. 1866ರಲ್ಲಿ ಊರು ಬಿಟ್ಟವಳು ಮತ್ತೆ ಲೂರ್ದ್‌ಗೆ ಹೋಗಲೇ ಇಲ್ಲ. 1879ರಲ್ಲಿ ತೀರಿಕೊಂಡಳು, 35 ವರ್ಷ. ನಮ್ಮಲ್ಲಿ ಮೊಣಕಾಲು ನೋವಿನವರು ಅವಳ ಮೂರ್ತಿಯ ಮುಂದೆ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತಾರೆ. ಅವಳಿಗೆ ಗೊತ್ತಿರುತ್ತದೆ ಅಂತ.

ಕಾರ್ಕಳದ ಹುಡುಗ, ಅಂಧೇರಿ:

ಇದು ನನಗೆ ಗೊತ್ತೇ ಇರಲಿಲ್ಲ ಬಾಯಮ್ಮ.

ಮಾಹಿಮ್ ಬುಧವಾರದವನು:

ಬಾಂದ್ರಾ ತನಕ ಬರುವವರು ಮಾಹಿಮ್ ಸಂತ ಮೈಕೆಲರ ಇಗರ್ಜಿಯನ್ನು ಬಿಡಬೇಡಿ. ಪ್ರತಿ ಬುಧವಾರ ನಿತ್ಯ ಸಹಾಯ ಮಾತೆಯ ನೊವೆನಾ, ಅಂದರೆ ಒಂಬತ್ತು ಸಲದ ಪ್ರಾರ್ಥನೆ. 1948ರಿಂದ ನಡೆದು ಬಂದಿದೆ. ಒಂಬತ್ತು ಬುಧವಾರ ತಪ್ಪದೆ ಬರಬೇಕು, ಬೆಳಗಿನಿಂದ ರಾತ್ರಿ ತನಕ ಬೇರೆ ಬೇರೆ ಭಾಷೆಯಲ್ಲಿ ಇರುತ್ತದೆ. ನನ್ನದು ಆರು ಸುತ್ತು ಮುಗಿದಿದೆ, ಕೆಲಸ ಸಿಕ್ಕಿದ್ದು ಮೂರನೇ ಸುತ್ತಿನಲ್ಲಿ. ಒಂದು ಎಚ್ಚರಿಕೆ: ಆಟೋ ಬಾಂದ್ರಾ ತನಕ ಮಾತ್ರ. ಕಾಜ್‌ವೇ ದಾಟಿ ಮಾಹಿಮ್‌ಗೆ ಬರಬೇಕಾದರೆ ಟ್ಯಾಕ್ಸಿಯೇ.

ಡೊಂಬಿವಲಿಯ ಗದಗಿನವಳು:

ಹೋಗಿ ಬಂದೆವು. ಮಂಗಳವಾರ, ಜಾತ್ರೆ ಎಲ್ಲ ಮುಗಿದ ಮೇಲೆ.

ದಾದರಿನಲ್ಲಿ ಗಾಡಿ ಬದಲಿಸುವುದೇ ದೊಡ್ಡ ಯಾತ್ರೆ ಆಯಿತು. ಸೆಂಟ್ರಲ್‌ನಿಂದ ವೆಸ್ಟರ್ನ್‌ಗೆ ಬರುವಷ್ಟರಲ್ಲಿ ಅವ್ವ ಮೂರು ಸಲ ಕೂತಳು. ಬಾಂದ್ರಾದಿಂದ ಆಟೋ ಬಾಗಿಲ ತನಕ ಹೋಯಿತು, ಫಿಜಿಯೋ ಮೇಡಂ ಹೇಳಿದ ಹಾಗೆ.

ಹೊರಗೆ ಸಾಲು ಅಂಗಡಿ. ಎಲ್ಲ ಮೇಣದ್ದು. ಕೈ, ಕಾಲು, ಹೃದಯ, ಕೂಸು, ಮನೆ, ಕಾರು, ಒಂದು ವಿಮಾನ ಕೂಡ ಇತ್ತು, ಫಾರಿನ್‌ಗೆ ಹೋಗಬೇಕೆನ್ನುವವರಿಗಂತೆ. ಅವ್ವ ಮೊಣಕಾಲು ಕೇಳಿದಳು. ಮಾರುವವಳು ‘ಬರೀ ಮೊಣಕಾಲು ಬರಲ್ಲ, ಪೂರಾ ಪಾಯ್ ಘ್ಯಾ’ (ಪೂರ್ತಿ ಕಾಲೇ ತಗೊಳ್ಳಿ) ಅಂದಳು. ಅವ್ವ ಕಾಲನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು, ಬದನೆಕಾಯಿ ಆರಿಸುವ ಹಾಗೆ. ‘ಇದು ಎಡಗಾಲು’ ಅಂದಳು. ಹೆಬ್ಬೆರಳು ನೋಡಿದರೆ ಹೌದು! ಬುಟ್ಟಿಯಲ್ಲಿದ್ದ ಅಷ್ಟೂ ಕಾಲು ಎಡಗಾಲೇ, ಅಚ್ಚು ಒಂದೇ ಅಲ್ವಾ. ಮಾರುವವಳು ನಕ್ಕು, ‘ಮಾವುಲಿಗೆ ಗೊತ್ತಾಗುತ್ತೆ ಆಯೀ’ ಅಂದಳು. ಅವ್ವ ಒಪ್ಪಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ, ಮೇಣದ ಮೊಣಕಾಲಿನ ಹತ್ತಿರ ಉಗುರಿನಿಂದ ಒತ್ತಿ ಒಂದು ಗೀಟು ಹಾಕಿದಳು. ‘ಇಲ್ಲಿ. ಬಲಗಾಲು ಅಂತ ನಾ ಬಾಯಲ್ಲಿ ಹೇಳ್ತೀನಿ.’

ಒಳಗೆ ಕಾಲು ಮತ್ತು ಚೆಂಡು ಹೂವಿನ ಮಾಲೆ ಕೊಟ್ಟೆವು. ಯಾರೂ ಯಾವ ಜಾತಿ ಅಂತ ಕೇಳಲಿಲ್ಲ. ಅವ್ವ ಇಷ್ಟಲಿಂಗವನ್ನು ಸೆರಗಿನ ಮೇಲಿನಿಂದಲೇ ಹಿಡಿದುಕೊಂಡು ಕಣ್ಣು ಮುಚ್ಚಿ ಕೂತಳು, ಹತ್ತು ನಿಮಿಷ. ಆಮೇಲೆ ಎದುರಿನ ಫಾತಿಮಾ ಮಾತೆಯ (ಅದೂ ಮೇರಿ ಮಾತೆಯದೇ ಒಂದು ಹೆಸರು) ಹತ್ತಿರ ಮೇಣದಬತ್ತಿ ಹಚ್ಚಿದೆವು. ಅಲ್ಲಿ ಮೆಟ್ಟಿಲಿವೆ, ಅವ್ವ ಕೆಳಗೇ ನಿಂತಳು. ನಾನು ಹತ್ತಿ ಹಚ್ಚಿ ಬಂದೆ.

ಹೊರಗೆ ಸಮುದ್ರದ ಗಾಳಿಗೆ ಕೂತು ಡಬ್ಬಿಯಲ್ಲಿ ತಂದಿದ್ದ ಅವಲಕ್ಕಿ ತಿಂದೆವು. ಏನು ಬೇಡಿಕೊಂಡೆ ಅಂತ ಕೇಳಿದೆ. ‘ಆಪರೇಷನ್ ಮಾಡೋ ಡಾಕ್ಟರ ಕೈ ನಡುಗದೆ ಇರಲಿ ಅಂತ’ ಅಂದಳು.

ನೋವು ಹಾಗೇ ಇದೆ. ನಿನ್ನೆ ರಾತ್ರಿ ಎಣ್ಣೆ ಹಚ್ಚಿ ಬಿಸಿನೀರಿನ ಚೀಲ ಇಟ್ಟೆ. ಆಪರೇಷನ್ ದಿನವೂ ಹಾಗೇ ಇದೆ.

ಬಾಯಮ್ಮ, ಬರ್ನದೆತ್ ಕತೆ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ‘ಪಾಪ, ಎಳೇ ಕೂಸು’ ಅಂದಳು, ಅಷ್ಟೇ. ಮಲಾಡಿಗೆ ಹೇಗೆ ಹೋಗೋದು ಅಂತ ಇವತ್ತು ಬೆಳಿಗ್ಗೆ ಕೇಳುತ್ತಿದ್ದಳು.

ಮಾತುಂಗಾ ಮಾಮ:

ಡಾಕ್ಟರ ಕೈ ನಡುಗದಿರಲಿ ಅನ್ನುವುದು ನಾನೂ ಬೇಡಿಕೊಳ್ಳುವಂಥದ್ದೇ. ನಿಮ್ಮ ಅವ್ವನಿಗೆ ನನ್ನ ನಮಸ್ಕಾರ ತಿಳಿಸಿ.

ವಾಶಿ ಫಿಜಿಯೋ:

ಆಪರೇಷನ್‌ಗೆ ಮುಂಚೆ ತೊಡೆಯ ಸ್ನಾಯು ಗಟ್ಟಿ ಮಾಡಿಕೊಂಡರೆ ಆಮೇಲೆ ಬೇಗ ನಡೆಯಬಹುದು. ಕಾಲು ಚಾಚಿ ಮಲಗಿ, ಮೊಣಕಾಲ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನು ಒತ್ತಿ ಐದು ಎಣಿಸಿ ಬಿಡಬೇಕು. ಬೆಳಿಗ್ಗೆ ಹತ್ತು, ಸಂಜೆ ಹತ್ತು. ನಿಮ್ಮ ಡಾಕ್ಟರಿಗೆ ಒಂದು ಮಾತು ಕೇಳಿ ಶುರು ಮಾಡಿ.

ಮಲಾಡಿನ ಬಾಯಮ್ಮ:

ಅವ್ವನನ್ನು ಕರೆದುಕೊಂಡು ಬಾ ಮಗಾ. ನನ್ನ ಮನೆಯಲ್ಲಿ ಊಟ. ಮೀನು ಮಾಡಲ್ಲ, ಹೆದರಬೇಡ. ಮೊಂತಿ ಹಬ್ಬಕ್ಕೆ, ಅಂದರೆ ಮಾತೆಯ ಹುಟ್ಟುಹಬ್ಬಕ್ಕೆ, ನಾವೂ ಬರೀ ತರಕಾರಿಯೇ ತಿನ್ನೋದು, ಹೊಸ ತೆನೆಯ ಅಕ್ಕಿ ಹಾಕಿ. ಅಡುಗೆ ಗೊತ್ತು.

ಡೊಂಬಿವಲಿಯ ಗದಗಿನವಳು:

ಬರುತ್ತೇವೆ ಬಾಯಮ್ಮ. ಮಾಹಿಮ್‌ನವರೇ, ನಿಮಗೊಂದು ಪ್ರಶ್ನೆ. ಅವ್ವ ನೊವೆನಾ ವಿಷಯವನ್ನೂ ಕಿವಿಗೆ ಹಾಕಿಕೊಂಡಿದ್ದಾಳೆ. ಕ್ಯಾಲೆಂಡರ್ ನೋಡಿದೆವು. ಆಪರೇಷನ್‌ಗೆ ಮುಂಚೆ ಏಳೇ ಬುಧವಾರ ಸಿಗುತ್ತವೆ. ಏನು ಮಾಡೋದು?

ಮಾಹಿಮ್ ಬುಧವಾರದವನು:

ಏಳು ಈಗ ಮಾಡಿ. ಉಳಿದ ಎರಡಕ್ಕೆ ಹೊಸ ಮೊಣಕಾಲಿನಲ್ಲಿ ಬರಲಿ. ಮಧ್ಯಾಹ್ನದ ಹೊತ್ತು ಬನ್ನಿ, ಕೂರಲು ಜಾಗ ಇರುತ್ತೆ. ಸಂಜೆ ಆಫೀಸು ಬಿಟ್ಟ ಮೇಲೆ ನಿಲ್ಲಲೂ ಇರಲ್ಲ.